ಓಓಪಿ ಕಲಿಯಲು ಮೊದಲ ಭಾಷೆ ಯಾವುದು? ಹೋಟೆಲ್ ಬಿಲ್ಲನ್ನು ಮುಂದಿಟ್ಟುಕೊಂಡು ಒಂದು ಲೆಕ್ಕ

ಪುಣೆಯಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದುವ ಮಕ್ಕಳಿರುವ ಕನ್ನಡದ ಮನೆಗೆ ಹೋದರೆ ಚಹಾ ಬರುವ ಮೊದಲೇ ಈ ಪ್ರಶ್ನೆ ಬರುತ್ತದೆ: “ಕಾಕಾ, ಓಓಪಿ ಕಲೀಬೇಕು. ಜಾವಾ ಹಿಡೀಲೋ, ಪೈಥಾನ್ ಹಿಡೀಲೋ?” ಪಕ್ಕದಲ್ಲಿ ಕೂತ ಅಪ್ಪನದು ಇನ್ನೊಂದು: “ಅದೆಲ್ಲಾ ಇರ್ಲಿ, ಹಿಂಜವಡಿಯೊಳಗ ಯಾವುದಕ್ಕ ಜಾಸ್ತಿ ನೌಕರಿ ಅದಾವು, ಅದನ್ನ ಹೇಳ್ರಿ.”

ಹಿಂಜವಡಿ ಪುಣೆಯ ಐಟಿ ಕಂಪನಿಗಳ ಬೀಡು. ಅಪ್ಪನ ಪ್ರಶ್ನೆಗೆ ಉತ್ತರ ವರ್ಷ ವರ್ಷ ಬದಲಾಗುತ್ತದೆ. ಮಗಳ ಪ್ರಶ್ನೆಗೆ ಉತ್ತರ ಅಷ್ಟು ಬದಲಾಗುವುದಿಲ್ಲ. ಹಾಗಾಗಿ ಇಲ್ಲಿ ಮಗಳ ಪ್ರಶ್ನೆಯನ್ನೇ ಹಿಡಿಯೋಣ. ಓಓಪಿ ಅಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್: ಮಾಹಿತಿಯನ್ನೂ ಅದರ ಮೇಲಿನ ಕೆಲಸವನ್ನೂ ‘ಆಬ್ಜೆಕ್ಟ್’ ಎಂಬ ತುಂಡುಗಳಲ್ಲಿ ಒಟ್ಟಿಗಿಟ್ಟು ಪ್ರೋಗ್ರಾಮ್ ಬರೆಯುವ ಬಗೆ.

ಅವಳ ಗೊಂದಲಕ್ಕೆ ಕಾರಣವೂ ಇದೆ. ಪುಣೆ ವಿದ್ಯಾಪೀಠದ 2019ರ ಪಠ್ಯಕ್ರಮದಲ್ಲಿ ಎರಡನೇ ವರ್ಷದ ಓಓಪಿ ಎಂದರೆ ಸಿ ಪ್ಲಸ್ ಪ್ಲಸ್ ಆಗಿತ್ತು. ಮುಂಬೈ ವಿದ್ಯಾಪೀಠದಲ್ಲಿ ಓದಿದ ಅತ್ತೆಯ ಮಗ ಅದನ್ನೇ ‘ಓಓಪಿಎಂ’ ಎಂಬ ಹೆಸರಿನಲ್ಲಿ ಜಾವಾದಲ್ಲಿ ಕಲಿತಿರುತ್ತಾನೆ. ಸಿಬಿಎಸ್‌ಇಯಲ್ಲಿ ಹನ್ನೆರಡನೇ ತರಗತಿ ಓದುವ ತಂಗಿಗೆ ಪೈಥಾನ್. ಐಎಸ್‌ಸಿ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗನಿಗೆ ಮತ್ತೆ ಜಾವಾ. ಪುಣೆಯ ಡೆಕ್ಕನ್, ಶಿವಾಜಿನಗರದ ಕಡೆ ನಡೆದರೆ ಕೋಚಿಂಗ್ ಕ್ಲಾಸಿನವರ ಬೋರ್ಡುಗಳು ಎಲ್ಲವನ್ನೂ ಒಟ್ಟಿಗೇ ಮಾರುತ್ತವೆ. ಎಲ್ಲರೂ ತಾವು ಕಲಿತದ್ದೇ ಸರಿ ಅನ್ನುತ್ತಾರೆ, ಅಲ್ವಾ?

ಭಾಷೆ ಆರಿಸುವ ಮೊದಲು ಓಓಪಿ ಎಂದರೆ ಏನನ್ನು ಕಲಿಯಬೇಕು ಅನ್ನುವುದು ಗೊತ್ತಿರಬೇಕು. ಕಾಲೇಜಿನಲ್ಲಿ ಸಾಮಾನ್ಯವಾಗಿ ನಾಲ್ಕು ದೊಡ್ಡ ಪದಗಳನ್ನು ಬಾಯಿಪಾಠ ಮಾಡಿಸುತ್ತಾರೆ: ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ. ಆಮೇಲೆ ‘ಪ್ರಾಣಿ’ ಎಂಬ ಕ್ಲಾಸು (ಆಬ್ಜೆಕ್ಟುಗಳನ್ನು ಮಾಡುವ ಅಚ್ಚು), ಅದರ ಕೆಳಗೆ ಅದರ ಗುಣಗಳನ್ನು ಪಡೆದ ‘ನಾಯಿ’ (ಇದೇ ಇನ್‌ಹೆರಿಟೆನ್ಸ್), ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಅನ್ನುತ್ತದೆ. ಪರೀಕ್ಷೆಯಲ್ಲಿ ಬರೆಯಲು ಇಷ್ಟು ಸಾಕು. ಆದರೆ ನಾಯಿ ಬೊಗಳಿಸುವುದಕ್ಕೆ ಇಷ್ಟೆಲ್ಲಾ ಯಾಕೆ ಬೇಕು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ನಾಯಿಯನ್ನು ಬಿಟ್ಟು ಮುಂಬೈಯ ಮಾಟುಂಗಾದ ಕಡೆಯ ಒಂದು ಉಡುಪಿ ಹೋಟೆಲಿನ ಗಲ್ಲಾ ನೋಡೋಣ. ಅಲ್ಲಿಗೊಂದು ಬಿಲ್ಲಿಂಗ್ ಪ್ರೋಗ್ರಾಮ್ ಬರೆಯಬೇಕು ಅಂದುಕೊಳ್ಳಿ. ಟೇಬಲಿಗೆ ಕೊಡುವ ಬಿಲ್ಲು ಒಂದು ಕಡೆ, ಪಾರ್ಸೆಲ್ ಕೌಂಟರಿನದು ಇನ್ನೊಂದು ಕಡೆ, ರಾತ್ರಿ ಬಾಗಿಲು ಹಾಕುವಾಗ ತೆಗೆಯುವ ದಿನದ ಲೆಕ್ಕ ಮೂರನೆಯ ಕಡೆ. ಅನುಭವ ಇಲ್ಲದವರು ತೆರಿಗೆಯ ಲೆಕ್ಕವನ್ನು ಮೂರೂ ಕಡೆ ಬರೆದುಬಿಡುತ್ತಾರೆ. ಓಡುತ್ತದೆ, ತೊಂದರೆ ಇಲ್ಲ.

ಈಗ 2017 ನೆನಪಿಸಿಕೊಳ್ಳಿ. ಜುಲೈ 1ಕ್ಕೆ ಜಿಎಸ್‌ಟಿ ಬಂತು. ಎಸಿ ಇಲ್ಲದ ಹೋಟೆಲಿಗೆ ಶೇಕಡಾ 12, ಎಸಿ ಇದ್ದರೆ 18. ನವೆಂಬರ್ 15ಕ್ಕೆ ಅದು ಮತ್ತೆ ಬದಲಾಗಿ ಸಾಮಾನ್ಯ ಹೋಟೆಲುಗಳಿಗೆಲ್ಲ ಶೇಕಡಾ 5 ಆಯಿತು. ತೆರಿಗೆಯನ್ನು ಮೂರು ಕಡೆ ಬರೆದವನು ಎರಡು ಕಡೆ ತಿದ್ದಿ ಮೂರನೆಯದನ್ನು ಮರೆತರೆ ಏನಾಗುತ್ತದೆ? ಗಿರಾಕಿಗೆ ಕೊಟ್ಟ ಬಿಲ್ಲು ಸರಿ ಇರುತ್ತದೆ, ರಾತ್ರಿ ಗಲ್ಲಾದ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ. ಮಾಲೀಕರು ಕ್ಯಾಶಿಯರ್ ಮೇಲೆ ಕೂಗಾಡುತ್ತಾರೆ. ತಪ್ಪು ಇರುವುದು ಪ್ರೋಗ್ರಾಮಿನಲ್ಲಿ.

ಓಓಪಿ ಹೇಳುವುದು ಇಷ್ಟೇ. ಬಿಲ್ಲು ಎಂಬುದನ್ನು ಒಂದು ಆಬ್ಜೆಕ್ಟ್ ಮಾಡಿ. ಯಾವ ತಿಂಡಿ, ಎಷ್ಟು ಪ್ಲೇಟು, ಏನು ದರ ಎಂಬ ಮಾಹಿತಿಯೂ ಅದರೊಳಗೇ ಇರಲಿ, ಒಟ್ಟು ಎಷ್ಟು ಎಂದು ಲೆಕ್ಕ ಹಾಕುವ ಕೆಲಸವೂ (ಇಂಥದಕ್ಕೆ ಮೆಥಡ್ ಅನ್ನುತ್ತಾರೆ) ಅದರದ್ದೇ ಇರಲಿ. ಉಳಿದವರು ಅದನ್ನು ಕೇಳಬೇಕು, ಒಳಗೆ ಕೈ ಹಾಕಬಾರದು. ಇದು ಎನ್‌ಕ್ಯಾಪ್ಸುಲೇಶನ್. ತೆರಿಗೆ ಬದಲಾದರೆ ತಿದ್ದುವ ಜಾಗ ಒಂದೇ.

ಮುಂದೆ 2022ರ ಜನವರಿಯಲ್ಲಿ ಇನ್ನೊಂದು ನಿಯಮ ಬಂತು. ಸ್ವಿಗ್ಗಿ, ಜೊಮ್ಯಾಟೊ ತರಹದ ಆ್ಯಪ್ ಮೂಲಕ ಹೋಗುವ ಊಟ-ತಿಂಡಿಯ ಜಿಎಸ್‌ಟಿಯನ್ನು ಆ್ಯಪಿನವರೇ ಕಟ್ಟಬೇಕು, ಹೋಟೆಲಿನವರಲ್ಲ. ಅಂದರೆ ಈಗ ಬಿಲ್ಲಿನಲ್ಲಿ ಬಗೆಗಳಾದವು. ‘ನಾವು ಕಟ್ಟಬೇಕಾದ ತೆರಿಗೆ ಎಷ್ಟು?’ ಎಂದು ಕೇಳಿದರೆ ಟೇಬಲ್ ಬಿಲ್ಲು ಶೇಕಡಾ 5ರ ಲೆಕ್ಕ ಕೊಡಬೇಕು. ಪಾರ್ಸೆಲ್ ಬಿಲ್ಲು ಡಬ್ಬಿಯ ದುಡ್ಡು ಸೇರಿಸಿ ಲೆಕ್ಕ ಹಾಕಬೇಕು. ಆ್ಯಪ್ ಬಿಲ್ಲು ‘ಸೊನ್ನೆ’ ಅನ್ನಬೇಕು. ಕೇಳುವ ಪ್ರಶ್ನೆ ಒಂದೇ, ಉತ್ತರ ಅವರವರದ್ದು. ಕೇಳುವವನಿಗೆ ಎದುರಿಗಿರುವುದು ಯಾವ ಬಗೆಯ ಬಿಲ್ಲು ಎಂದು ಗೊತ್ತಿರಬೇಕಾಗಿಲ್ಲ. ಪಾಲಿಮಾರ್ಫಿಸಂ ಅಂದರೆ ಇದು.

ಈ ಯೋಚನೆ ಹುಟ್ಟಿದ್ದೂ ಇಂಥದೇ ಕೆಲಸದಲ್ಲಿ. 1960ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬಿಬ್ಬರು ಹೊರಗಿನ ಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವುದಕ್ಕೆಂದು ಸಿಮ್ಯುಲಾ ಎಂಬ ಭಾಷೆ ಕಟ್ಟಿದರು. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಲ್ಲವೂ ಸಿಮ್ಯುಲಾ 67ರಲ್ಲೇ ಇದ್ದವು. ಇದಕ್ಕಾಗಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರಲ್ಲಿ ಅವರಿಗೆ ಸಿಕ್ಕಿತು. 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ ಅಲನ್ ಕೇ ಮತ್ತು ಜೊತೆಗಾರರು ಸ್ಮಾಲ್‌ಟಾಕ್ ಎಂಬ ಭಾಷೆ ಮಾಡಿದರು. ಆಬ್ಜೆಕ್ಟುಗಳು ಒಂದಕ್ಕೊಂದು ಸಂದೇಶ ಕಳಿಸಬೇಕು ಅನ್ನುವುದೇ ಅಲ್ಲಿ ಮುಖ್ಯ.

ಹಾಗಾದರೆ ಮೊದಲ ಭಾಷೆಯನ್ನು ಯಾವ ಅಳತೆಯಿಂದ ಆರಿಸಬೇಕು? ನನ್ನ ಅಳತೆ ಒಂದೇ: ನೀವು ನಿಯಮ ಮುರಿದಾಗ ಭಾಷೆ ನಿಮ್ಮನ್ನು ತಡೆಯುತ್ತದೋ, ಸುಮ್ನೆ ಬಿಟ್ಟುಬಿಡುತ್ತದೋ? ಯಾರ ಕೆಲಸ ಯಾರದು ಎಂದು ಹಂಚುವುದೇ ಓಓಪಿ. ಹೊಸಬರು ಅದನ್ನು ತಪ್ಪಾಗಿ ಹಂಚುತ್ತಾರೆ, ಅದು ಸಹಜ. ಆ ತಪ್ಪು ಬೇಗ ಕಣ್ಣಿಗೆ ಬಿದ್ದರೆ ಕಲಿಕೆ ಬೇಗ ಆಗುತ್ತದೆ.

ಪೈಥಾನಿನಿಂದ ಶುರು ಮಾಡೋಣ, ಯಾಕೆಂದರೆ ಈಗ ಎಲ್ಲರೂ ಮೊದಲು ಹೇಳುವುದು ಅದನ್ನೇ. ಗೈಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಭಾಷೆ ಇದು. ಬರೆಯುವುದು ಕಡಿಮೆ, ಓದುವುದು ಸುಲಭ. ಪೈಥಾನ್ 3ರಲ್ಲಿ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಬಿಲ್.ಸೇರಿಸು("ಮಸಾಲೆ ದೋಸೆ", 2) ಎಂದು ಬರೆದರೆ ಹಾಗೇ ಓಡುತ್ತದೆ. ಭಾಷೆಯದೇ ಮೀಸಲು ಪದಗಳು, ಅಂದರೆ ಕೀವರ್ಡುಗಳು ಮಾತ್ರ ಇಂಗ್ಲಿಷಿನವು. ಆಫೀಸಿನಲ್ಲಿ ಯಾರೂ ಹೀಗೆ ಬರೆಯುವುದಿಲ್ಲ, ಆದರೆ ಮನೆಯಲ್ಲಿ ಕಲಿಯುವಾಗ ಮಜಾ ಇರುತ್ತದೆ.

ಈ ಮಜಾದಲ್ಲೇ ಪೈಥಾನಿನ ತೊಂದರೆಯೂ ಕಾಣುತ್ತದೆ. ಬಿಲ್ಲಿನಲ್ಲಿ ‘ರಿಯಾಯಿತಿ’ ಎಂಬ ಜಾಗ ಇಟ್ಟಿದ್ದೀರಿ, ಅದರಲ್ಲಿ ಸೊನ್ನೆ ಇದೆ. ಬೇರೆ ಫೈಲಿನಲ್ಲಿ ಬಿಲ್.ರಿಯಾಯತಿ = 50 ಎಂದು ಬರೆದಿರಿ. ಒಂದು ಗುಣಿತ ಹೋಯಿತು. ನಾವೆಲ್ಲ ಎರಡೂ ಬಗೆಯಲ್ಲಿ ಬರೆಯುವವರೇ. ಪೈಥಾನ್ ಏನೂ ಅನ್ನುವುದಿಲ್ಲ. ‘ರಿಯಾಯತಿ’ ಎಂಬ ಹೊಸ ಜಾಗ ಮಾಡಿ ಅದರಲ್ಲಿ 50 ಇಡುತ್ತದೆ. ಹಳೆಯ ‘ರಿಯಾಯಿತಿ’ ಸೊನ್ನೆಯಾಗಿಯೇ ಇರುತ್ತದೆ. ಗಿರಾಕಿಗೆ ಐವತ್ತು ರೂಪಾಯಿ ಬಿಡುವುದಾಗಿ ಹೇಳಿ ಪೂರ್ತಿ ಬಿಲ್ಲು ಕೊಟ್ಟಂತಾಯಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಇನ್ನೊಂದು ಇದಕ್ಕಿಂತ ಮೋಜಿನದು. ಹೊಸಬರು ಬಿಲ್ ಕ್ಲಾಸಿನ ತಲೆಯಲ್ಲೇ ತಿಂಡಿಗಳ ಖಾಲಿ ಪಟ್ಟಿಯೊಂದನ್ನು ಬರೆದಿಡುತ್ತಾರೆ. ನೋಡಲು ಸರಿಯಾಗಿಯೇ ಇದೆ. ಆದರೆ ಅಲ್ಲಿಟ್ಟ ಪಟ್ಟಿ ಇಡೀ ಕ್ಲಾಸಿಗೆ ಒಂದೇ, ಎಲ್ಲ ಬಿಲ್ಲುಗಳೂ ಅದನ್ನೇ ಹಂಚಿಕೊಳ್ಳುತ್ತವೆ. ನಾಲ್ಕನೇ ಟೇಬಲಿನವರು ತಿಂದ ಗೋಳಿಬಜೆ ಏಳನೇ ಟೇಬಲಿನವರ ಬಿಲ್ಲಿನಲ್ಲೂ ಬರುತ್ತದೆ. ಪಟ್ಟಿಯನ್ನು, ಆಬ್ಜೆಕ್ಟ್ ಹುಟ್ಟುವಾಗ ಓಡುವ ‘ಇನಿಟ್’ ಮೆಥಡಿನ ಒಳಗೆ, ‘ಸೆಲ್ಫ್’ (ಅಂದರೆ ಈ ಆಬ್ಜೆಕ್ಟ್) ಹಚ್ಚಿ ಬರೆದಾಗ ಮಾತ್ರ ಪ್ರತಿ ಬಿಲ್ಲಿಗೂ ತನ್ನದೇ ಪಟ್ಟಿ ಸಿಗುತ್ತದೆ. ಕ್ಲಾಸಿನದು ಯಾವುದು, ಆಬ್ಜೆಕ್ಟಿನದು ಯಾವುದು ಅನ್ನುವುದು ಓಓಪಿಯ ತಿರುಳು. ಪೈಥಾನ್ ಈ ಗೆರೆಯನ್ನು ತೆಳ್ಳಗೆ ಎಳೆದಿದೆ.

ಒಳಗೆ ಕೈ ಹಾಕಬಾರದು ಅನ್ನುವ ನಿಯಮವೂ ಅಲ್ಲಿ ಮರ್ಯಾದೆಯ ಮಾತು ಅಷ್ಟೇ. ಹೆಸರಿನ ಮುಂದೆ ಅಡಿಗೆರೆ ಹಾಕಿದರೆ ‘ಇದು ಒಳಗಿನದು, ಮುಟ್ಟಬೇಡಿ’ ಎಂದರ್ಥ. ಮುಟ್ಟಿದರೆ ಯಾರೂ ತಡೆಯುವುದಿಲ್ಲ. ಅನುಭವಿಗಳಿಗೆ ಈ ಸ್ವಾತಂತ್ರ್ಯ ಇಷ್ಟ. ಓಡಿಸುವ ಮೊದಲೇ ತಪ್ಪು ಹುಡುಕುವ ಮೈಪೈ ತರಹದ ಪರೀಕ್ಷಕಗಳನ್ನು ಹಾಕಿಕೊಂಡು ಅವರು ಬಿಗಿಯಾಗಿಯೂ ಬರೆಯುತ್ತಾರೆ. ಇನ್ನೂ ಅಭ್ಯಾಸ ಬೆಳೆಯದವರಿಗೆ ಇದು ಅಭ್ಯಾಸ ಕಲಿಸುವುದಿಲ್ಲ.

ಜಾವಾದ್ದು ಉಲ್ಟಾ ಸ್ವಭಾವ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರಬಿಟ್ಟ ಈ ಭಾಷೆಯನ್ನು ಕಟ್ಟಿದವರಲ್ಲಿ ಮುಖ್ಯರು ಜೇಮ್ಸ್ ಗಾಸ್ಲಿಂಗ್. ಎಲ್ಲವನ್ನೂ ಕ್ಲಾಸಿನೊಳಗೇ ಬರೆಯಬೇಕು ಎಂಬ ಹಟ ಅದಕ್ಕೆ. ‘ನಮಸ್ಕಾರ’ ಎಂದು ಒಂದು ಸಾಲು ಪರದೆ ಮೇಲೆ ತೋರಿಸಲು ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂದು ಮಂತ್ರದಂತೆ ಬರೆಯಬೇಕಿತ್ತು. ಮೂಗಿಗಿಂತ ಮೂಗುತಿ ಭಾರ. ಆ ನಾಲ್ಕು ಪದಗಳ ಅರ್ಥ ಗೊತ್ತಾಗಲು ಅರ್ಧ ಸೆಮಿಸ್ಟರ್ ಹೋಗುತ್ತದೆ. ಆ ದೂರು ಕೊನೆಗೂ ಮುಟ್ಟಿದೆ: 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಚಿಕ್ಕ ಪ್ರೋಗ್ರಾಮುಗಳಿಗೆ ಬರೀ ‘ವಾಯ್ಡ್ ಮೇನ್’ ಸಾಕು, ಹೊರಗಿನ ಕ್ಲಾಸನ್ನೂ ಬರೆಯಬೇಕಿಲ್ಲ. ಕಾಲೇಜಿನ ಲ್ಯಾಬಿಗೆ ಇದು ಬರುವುದು ಯಾವಾಗಲೋ.

ಆದರೆ ಆ ‘ರಿಯಾಯತಿ’ ತಪ್ಪನ್ನು ಜಾವಾದಲ್ಲಿ ಮಾಡಿ ನೋಡಿ. ಪ್ರೋಗ್ರಾಮ್ ಓಡುವುದೇ ಇಲ್ಲ. ‘ಈ ಹೆಸರಿನದ್ದು ಬಿಲ್ಲಿನಲ್ಲಿ ಇಲ್ಲ’ ಎಂದು ಸಾಲಿನ ಸಂಖ್ಯೆಯ ಸಮೇತ ಕಂಪೈಲರ್ (ಓಡಿಸುವ ಮೊದಲು ಪ್ರೋಗ್ರಾಮನ್ನು ಓದಿ ಅನುವಾದಿಸುವ ಸಾಫ್ಟ್‌ವೇರ್) ಹೇಳುತ್ತದೆ. ಹೆಸರು ಸರಿಯಾಗಿ ಬರೆದರೂ ‘ಪ್ರೈವೇಟ್’ ಎಂದು ಹಾಕಿದ್ದರೆ ಹೊರಗಿನ ಕ್ಲಾಸಿನಿಂದ ಮುಟ್ಟಲು ಬಿಡುವುದಿಲ್ಲ. ಆಗ ನೀವು ಯೋಚಿಸಲೇಬೇಕು: ರಿಯಾಯಿತಿ ಕೊಡುವುದು ಯಾರ ಕೆಲಸ? ಬಿಲ್ಲಿಗೇ ಒಂದು ಮೆಥಡ್ ಕೊಟ್ಟು, ಒಟ್ಟು ಮೊತ್ತಕ್ಕಿಂತ ಜಾಸ್ತಿ ರಿಯಾಯಿತಿ ಕೇಳಿದರೆ ಅದು ಒಪ್ಪದಂತೆ ಬರೆಯುತ್ತೀರಿ. ನಾಲ್ಕು ಪದಗಳ ಬಾಯಿಪಾಠದಿಂದ ಬಾರದ್ದು ಈ ಒಂದು ಎರರಿನಿಂದ ಬರುತ್ತದೆ.

ಜಾವಾದ ಇನ್ನೊಂದು ಒಳ್ಳೆಯ ಗುಣ ಇಂಟರ್‌ಫೇಸ್. ‘ತೆರಿಗೆ ಎಷ್ಟು ಎಂದು ಹೇಳಬಲ್ಲವರೆಲ್ಲ ಇಲ್ಲಿ ಬನ್ನಿ’ ಎಂಬಂಥ ಕರಾರು ಪತ್ರ ಅದು. ಕರಾರಿಗೆ ಸಹಿ ಹಾಕಿ ಮೆಥಡ್ ಬರೆಯದಿದ್ದರೆ ಕಂಪೈಲರ್ ಅಲ್ಲೇ ಹಿಡಿಯುತ್ತದೆ. ಜಾವಾ ಹಿಡಿಯುವವರು ಒಂದು ಬಲೆಯಿಂದ ದೂರ ಇರಬೇಕು. ಎಲ್ಲವನ್ನೂ ‘ಸ್ಟ್ಯಾಟಿಕ್’ (ಆಬ್ಜೆಕ್ಟಿನದಲ್ಲ, ಕ್ಲಾಸಿನದು) ಮಾಡಿ ಮೇನ್ ಒಳಗೇ ತುಂಬಿದರೆ ಅದು ಜಾವಾದ ವೇಷ ಹಾಕಿದ ಸಿ ಭಾಷೆ, ಓಓಪಿ ಅಲ್ಲ. ಐಎಸ್‌ಸಿ ಮಕ್ಕಳು ಜಾವಾ ಬರೆಯಲು ಬಳಸುವ ಬ್ಲೂಜೆ ಎಂಬ ಸಾಫ್ಟ್‌ವೇರ್ ಇಲ್ಲಿ ಬಹಳ ಸಹಾಯ ಮಾಡುತ್ತದೆ. ಅದರಲ್ಲಿ ಕ್ಲಾಸಿನ ಮೇಲೆ ಬಲ ಕ್ಲಿಕ್ ಮಾಡಿ ಆಬ್ಜೆಕ್ಟ್ ಹುಟ್ಟಿಸಿದರೆ ಅದು ಕೆಳಗೆ ಕೆಂಪು ಡಬ್ಬಿಯಾಗಿ ಕೂರುತ್ತದೆ. ಎರಡು ಬಿಲ್ಲು ಹುಟ್ಟಿಸಿ, ಒಂದಕ್ಕೆ ಮಾತ್ರ ಇಡ್ಲಿ ಸೇರಿಸಿ, ಎರಡನ್ನೂ ತೆರೆದು ನೋಡಬಹುದು. ಇಂಜಿನಿಯರಿಂಗ್ ಸೇರಿದವರು ಅದನ್ನು ಶಾಲೆ ಮಕ್ಕಳ ಆಟಿಕೆ ಎಂದು ಮೂಗು ಮುರಿಯುತ್ತಾರೆ. ಮುರಿಯಬಾರದು.

ಸಿ ಪ್ಲಸ್ ಪ್ಲಸ್ ಕಥೆ ಬೇರೆ. ಬ್ಯಾರ್ನೆ ಸ್ಟ್ರೌಸ್ಟ್ರಪ್ ಕೇಂಬ್ರಿಡ್ಜಿನಲ್ಲಿ ಓದುವಾಗ ಸಿಮ್ಯುಲಾ ಬಳಸಿದ್ದರು. ಪ್ರೋಗ್ರಾಮನ್ನು ಜೋಡಿಸಲು ಅದು ಚೆನ್ನಾಗಿತ್ತು, ವೇಗ ಸಾಲಲಿಲ್ಲ. 1979ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಅವರು ಸಿ ಭಾಷೆಗೇ ಕ್ಲಾಸುಗಳನ್ನು ಸೇರಿಸಲು ಹೊರಟರು. ವೇಗವನ್ನೂ ಬಿಡದೆ ಕ್ಲಾಸನ್ನೂ ಕೊಡಬೇಕು ಅನ್ನುವುದು ಅವರ ಗುರಿ. ಅದಕ್ಕೇ ಮೆಮೊರಿಯ ಜವಾಬ್ದಾರಿ ಬರೆಯುವವನ ತಲೆಗೇ ಬರುತ್ತದೆ. ಓಓಪಿ ಕಲಿಯಲು ಹೋದವರು ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ಸಲಕ್ಕೆ ಇದು ಕಬ್ಬಿಣದ ಕಡಲೆಯೇ.

ಹೋಟೆಲಿನಲ್ಲೇ ನೋಡಿ. ‘ಎರಡನೇ ಬಿಲ್ಲು = ಮೊದಲ ಬಿಲ್ಲು’ ಎಂದು ಬರೆದರೆ ಸಿ ಪ್ಲಸ್ ಪ್ಲಸ್ ಪೂರ್ತಿ ಹೊಸ ನಕಲು ಮಾಡುತ್ತದೆ. ಜಾವಾ, ಪೈಥಾನಿನಲ್ಲಿ ಬಿಲ್ಲು ಒಂದೇ, ಅದಕ್ಕೆ ಎರಡು ಹೆಸರು ಅಷ್ಟೇ. ಒಂದು ಹೆಸರಿನಿಂದ ಕಾಫಿ ಸೇರಿಸಿದರೆ ಇನ್ನೊಂದರಲ್ಲೂ ಕಾಣುತ್ತದೆ. ಎರಡೂ ಬಗೆ ಗೊತ್ತಿರಬೇಕು, ಆದರೆ ಒಂದೇ ಸಲಕ್ಕೆ ಬೇಡ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಸಾದಾ ಬಿಲ್ಲುಗಳ ವೆಕ್ಟರಿನೊಳಗೆ (ಸಿ ಪ್ಲಸ್ ಪ್ಲಸ್‌ನ ಪಟ್ಟಿ) ಪಾರ್ಸೆಲ್ ಬಿಲ್ಲನ್ನು ಹಾಕಿದರೆ, ಅದರ ಪಾರ್ಸೆಲ್ ಭಾಗವನ್ನು ಕತ್ತರಿಸಿ ಬಿಲ್ಲಿನ ಭಾಗವನ್ನಷ್ಟೇ ಇಟ್ಟುಕೊಳ್ಳುತ್ತದೆ. ಡಬ್ಬಿಯ ದುಡ್ಡು ಮಾಯ. ಇದಕ್ಕೆ ಸ್ಲೈಸಿಂಗ್ ಅನ್ನುತ್ತಾರೆ. ಮೆಥಡಿನ ಮುಂದೆ ‘ವರ್ಚುವಲ್’ ಎಂದು ಬರೆಯಲು ಮರೆತರೆ ಪಾಲಿಮಾರ್ಫಿಸಂ ನಡೆಯುವುದೂ ಇಲ್ಲ.

ಪಠ್ಯಕ್ರಮದಲ್ಲೇ ಸಿ ಪ್ಲಸ್ ಪ್ಲಸ್ ಇರುವವರಿಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಅಂಥವರಿಗೆ ನನ್ನ ಸಲಹೆ: ಟರ್ಬೋ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆಯನ್ನು ಮುಟ್ಟಬೇಡಿ. ನಮ್ಮ ಎಷ್ಟೋ ಲ್ಯಾಬುಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಬೋರ್ಲ್ಯಾಂಡ್ ಕಂಪನಿಯ ಆ ಕಂಪೈಲರ್ 1990ರ ದಶಕದ ಶುರುವಿನದು. ಭಾಷೆಗೆ ಮೊದಲ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅಲ್ಲಿ ಕಲಿತ ‘ಕ್ಲಿಯರ್ ಸ್ಕ್ರೀನ್’, ‘ಗೆಟ್‌ಚ್’ ಯಾವುದೂ ಇವತ್ತಿನ ಮಾನಕ ಭಾಷೆಯಲ್ಲಿ ಇಲ್ಲ. ಪುಕ್ಕಟೆ ಸಿಗುವ ಜಿ ಪ್ಲಸ್ ಪ್ಲಸ್ ಕಂಪೈಲರ್ ಹಾಕಿಕೊಳ್ಳಿ. ಶುರುವಿಗೆ ಮೆಮೊರಿ ಪಡೆಯುವ ‘ನ್ಯೂ’, ಬಿಡುವ ‘ಡಿಲೀಟ್’ ಎರಡನ್ನೂ ದೂರ ಇಟ್ಟು ಸ್ಟ್ರಿಂಗ್, ವೆಕ್ಟರ್ ಬಳಸಿ. ಬಗೆಬಗೆಯ ಬಿಲ್ಲುಗಳನ್ನು ಒಟ್ಟಿಗೆ ಇಡಬೇಕಾದಾಗ, ಮೆಮೊರಿಯನ್ನು ತಾನೇ ಬಿಡುವ ಯುನೀಕ್ ಪಾಯಿಂಟರ್ ಕಲಿಯಿರಿ.

ಉಳಿದ ಭಾಷೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಓಓಪಿ ಕಲಿಯುವ ಮಟ್ಟಿಗೆ ಸಿ ಶಾರ್ಪ್ ಮತ್ತು ಕೋಟ್ಲಿನ್ ಜಾವಾದಷ್ಟೇ ಒಳ್ಳೆಯವು. ಕಲಿಸುವವರು ಪಕ್ಕದಲ್ಲಿದ್ದರೆ ಧಾರಾಳವಾಗಿ ಹಿಡಿಯಿರಿ. ಜಾವಾಸ್ಕ್ರಿಪ್ಟಿಗೆ ‘ಕ್ಲಾಸ್’ ಎಂಬ ಬರವಣಿಗೆ ಬಂದದ್ದು 2015ರಲ್ಲಿ. ಒಳಗಡೆ ಅದು ಇವತ್ತಿಗೂ ಪ್ರೊಟೊಟೈಪ್ ಎಂಬ ಬೇರೆ ಲೆಕ್ಕದಲ್ಲಿ ನಡೆಯುತ್ತದೆ, ಮೊದಲ ಪಾಠಕ್ಕೆ ಬೇಡ. ರಜೆಯಲ್ಲಿ ಬಿಡುವಿದ್ದರೆ ಫಾರೋ ಹಾಕಿ ನೋಡಿ. ಅದು ಸ್ಮಾಲ್‌ಟಾಕಿನ ಇವತ್ತಿನ ರೂಪ. ಅದರಿಂದ ನೌಕರಿ ಸಿಗುವುದು ಕಷ್ಟ, ಕಣ್ಣು ಮಾತ್ರ ತೆರೆಯುತ್ತದೆ.

ಹಾಗಾದರೆ ನನ್ನ ಆಯ್ಕೆ? ಪ್ರೋಗ್ರಾಮಿಂಗನ್ನೇ ಮುಟ್ಟದವರು ಪೈಥಾನಿನಲ್ಲಿ ಲೂಪು, ಫಂಕ್ಷನ್ ಕೈಗೆ ಹತ್ತುವ ತನಕ ಆಡಲಿ. ಓಓಪಿಗೆ ಬಂದ ದಿನ ಜಾವಾಕ್ಕೆ ಬರಲಿ. ಸಿಬಿಎಸ್‌ಇಯಿಂದ ಬಂದವರು ಆಗಲೇ ಮೊದಲ ಮೆಟ್ಟಿಲು ಹತ್ತಿದ್ದಾರೆ. ಡೇಟಾ ಸೈನ್ಸಿಗೇ ಹೋಗುವುದು ಎಂದು ಗಟ್ಟಿ ಮಾಡಿಕೊಂಡವರು ಪೈಥಾನಿನಲ್ಲೇ ಉಳಿಯಬಹುದು, ಆದರೆ ಮೈಪೈಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಬೇಕು. ಅಪ್ಪನಿಗೆ ಹೇಳಬಹುದಾದದ್ದು ಇಷ್ಟು: ಒಂದರಲ್ಲಿ ಗಟ್ಟಿಯಾದವರಿಗೆ ಎರಡನೆಯದು ಬೇಗ ಹತ್ತುತ್ತದೆ, ಹಿಂಜವಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಭಾಷೆ ಯಾವುದೇ ಆಗಲಿ, ಒಂದು ಕಡೆ ಎಲ್ಲರೂ ಎಡವುತ್ತಾರೆ. ಇನ್‌ಹೆರಿಟೆನ್ಸ್ ಕಲಿತ ಕೂಡಲೇ ಎಲ್ಲದಕ್ಕೂ ಅದನ್ನೇ ಹಚ್ಚುವುದು. ‘ಟೇಬಲ್ ಬಿಲ್ಲು ಒಂದು ಬಿಲ್ಲು, ಪಾರ್ಸೆಲ್ ಬಿಲ್ಲು ಒಂದು ಬಿಲ್ಲು’ ಎಂದು ವಂಶವೃಕ್ಷ ಬರೆದು ಖುಷಿಪಡುತ್ತೀರಿ. ಆಗ ಟೇಬಲಿನಲ್ಲಿ ಕೂತು ಅರ್ಧ ತಿಂದ ಗಿರಾಕಿ “ಇನ್ನೆರಡು ಮಸಾಲೆ ದೋಸೆ ಪಾರ್ಸೆಲ್ ಕಟ್ಟಿಬಿಡಿ” ಅನ್ನುತ್ತಾರೆ. ಈ ಬಿಲ್ಲು ಈಗ ಯಾವ ಕ್ಲಾಸು? ಜಾವಾದಲ್ಲಿ ಹುಟ್ಟಿದ ಆಬ್ಜೆಕ್ಟ್ ತನ್ನ ಕ್ಲಾಸು ಬದಲಿಸುವಂತಿಲ್ಲ. ‘ಟೇಬಲ್ ಪಾರ್ಸೆಲ್ ಬಿಲ್ಲು’ ಎಂಬ ಹೊಸ ಕ್ಲಾಸು ಮಾಡುತ್ತೀರಾ? ನಾಳೆ ಇನ್ನೊಂದು ಬಗೆ ಬಂದರೆ?

ಬಿಲ್ಲನ್ನು ಒಂದೇ ಕ್ಲಾಸಾಗಿ ಇಟ್ಟು, ಅದರ ಪ್ರತಿ ಸಾಲಿಗೂ ‘ದರದ ನಿಯಮ’ ಎಂಬ ಚಿಕ್ಕ ಆಬ್ಜೆಕ್ಟ್ ಕೊಡುವುದು ಇದಕ್ಕೆ ದಾರಿ. ಕೂತು ತಿಂದ ಇಡ್ಲಿಯ ಸಾಲಿಗೆ ಟೇಬಲಿನ ನಿಯಮ, ಕಟ್ಟಿಸಿಕೊಂಡ ದೋಸೆಯ ಸಾಲಿಗೆ ಪಾರ್ಸೆಲಿನ ನಿಯಮ. ನಿಯಮಗಳೆಲ್ಲ ಒಂದೇ ಇಂಟರ್‌ಫೇಸಿಗೆ ಸಹಿ ಹಾಕಿರುತ್ತವೆ. ಬಿಲ್ಲು ಕೂಡುತ್ತಾ ಹೋಗುತ್ತದೆ, ಅಷ್ಟೇ. ಓಓಪಿ ಬರೆಯುವವರು ಇದನ್ನು ಕಂಪೊಸಿಷನ್ ಅನ್ನುತ್ತಾರೆ. ನಾಯಿ-ಬೆಕ್ಕಿನ ಉದಾಹರಣೆಯಲ್ಲಿ ಇದು ಎಂದೂ ಬರುವುದಿಲ್ಲ, ಯಾಕೆಂದರೆ ಯಾವ ನಾಯಿಯೂ ಅರ್ಧ ಊಟಕ್ಕೆ ಬೆಕ್ಕಾಗುವುದಿಲ್ಲ.

ಈ ಬಿಲ್ಲಿನ ಪ್ರೋಗ್ರಾಮನ್ನೇ ನಿಮ್ಮ ಭಾಷೆಯಲ್ಲಿ ಬರೆಯಿರಿ. ಮೊದಲು ಟೇಬಲ್, ಆಮೇಲೆ ಪಾರ್ಸೆಲ್, ಆಮೇಲೆ ಆ್ಯಪ್. ಮುಗಿದ ಮೇಲೆ ತಿಂಗಳ ಊಟದ ಕೂಪನ್ ಎಂಬ ನಾಲ್ಕನೇ ನಿಯಮ ಸೇರಿಸಿ, ಅದಕ್ಕಾಗಿ ಹಳೆಯ ಫೈಲುಗಳಲ್ಲಿ ಎಷ್ಟನ್ನು ತೆರೆದು ತಿದ್ದಬೇಕಾಯಿತು ಎಂದು ಎಣಿಸಿ. ನಿಯಮವನ್ನು ಹುಟ್ಟಿಸುವ ಒಂದು ಜಾಗ ಬಿಟ್ಟು ಬೇರೆಲ್ಲೂ ಕೈ ಹಚ್ಚದೆ ಕೆಲಸ ಆಗಿದ್ದರೆ ಎರಡನೇ ಭಾಷೆಗೆ ಹೋಗಿ. ಮೂರ್ನಾಲ್ಕು ಫೈಲು ತೆರೆದಿದ್ದರೆ ಅದೇ ಭಾಷೆಯಲ್ಲಿ ಕೂತು ಮತ್ತೊಮ್ಮೆ ಬರೆಯಿರಿ.